ಪಿ.ಟಿ. ಮಾಸ್ತರರ ಹೆಂಡತಿಯ ಟೊಂಕ

ಸಿಂದಗಿಯ ಹೈಸ್ಕೂಲಿನಲ್ಲಿ ಬಸಂತರಾಯ ಮಾಸ್ತರರು ಮೂವತ್ತೊಂದು ವರ್ಷದಿಂದ ಪಿ.ಟಿ. ಕಲಿಸುತ್ತಿದ್ದಾರೆ. ಅವರು ತಯಾರು ಮಾಡಿದ ಹುಡುಗಿಯರ ಖೋಖೋ ತಂಡ ಜಿಲ್ಲೆ ದಾಟದ ವರ್ಷ ಕಡಿಮೆ. ಸಾಲಿಯ ಮೈದಾನದ ಹಿಂದಿನ ಗೋಡೆಗೆ ಹತ್ತಿಯೇ ಅವರ ಮನೆ. ಆ ಮನೆಯ ಪಡಸಾಲೆಯ ಕಿಟಕಿ ಮೈದಾನದ ಕಡೆ ತೆರೆಯುತ್ತದೆ. ಕಿಟಕಿಯ ಕೆಳಗೆ ಬೆಳಕು ಬೀಳುವ ಜಾಗದಲ್ಲಿ ಅವರ ಹೆಂಡತಿ ಇಂದುಬಾಯಿಯ ಹೊಲಿಗೆ ಮಷೀನು.

ದಿನಾ ಬೆಳಿಗ್ಗೆ ಆರಕ್ಕೆ ಸೀಟಿ ಕೇಳುತ್ತಿತ್ತು. ಆಮೇಲೆ ಮಾಸ್ತರರ ದನಿ. "ಬಗ್ಗು, ಮೊಣಕಾಲ ಮಡಚಬ್ಯಾಡ. ತೊಡಿ ಹಿಂದ ಜಗ್ಗಬೇಕು. ಜಗ್ಗಿದ್ರ ಟೊಂಕ ಉಳೀತೈತಿ." ಇಂದುಬಾಯಿ ಈ ಮಾತನ್ನು ಎಷ್ಟು ಸಾವಿರ ಸಲ ಕೇಳಿದ್ದಳೋ. ಅದು ಆಕೆಗೆ ಹಾಲಿನವನ ಗಂಟೆಯ ಹಾಗೆ, ಬಸ್ಸಿನ ಹಾರನ್ನಿನ ಹಾಗೆ, ಕಿವಿಗೆ ಬಿದ್ದು ಹೋಗುವ ಒಂದು ಸಪ್ಪಳ ಅಷ್ಟೆ. ಅದು ಹುಡುಗಿಯರಿಗೆ ಹೇಳುವ ಮಾತು. ತನಗಲ್ಲ.

ಇಂದುಬಾಯಿ ಮುದ್ದೇಬಿಹಾಳದ ಕಡೆಯ ಹೆಣ್ಣು. ಇಪ್ಪತ್ತಕ್ಕೆ ಮದುವೆ, ಇಪ್ಪತ್ಮೂರಕ್ಕೆ ಮಗಳು ಸುವರ್ಣಾ. ಮಗಳು ಸಾಲಿಗೆ ಹೋಗತೊಡಗಿದ ಮೇಲೆ ಹೊಲಿಯುವುದಕ್ಕೆ ಕೂತಳು. ಮೊದಲು ಕುಪ್ಪಸ, ಆಮೇಲೆ ಸಾಲಿಯ ಯೂನಿಫಾರ್ಮು. ಕಾಲಲ್ಲಿ ತುಳಿಯುವ ಮಷೀನಿಗೆ ಮಾಸ್ತರರೇ ಒಂದು ಮೋಟಾರು ಕೂಡಿಸಿ ಕೊಟ್ಟರು. ಅಂದಿನಿಂದ ಕಾಲಿಗೆ ಕೆಲಸವಿಲ್ಲ. ಗಿಡ್ಡ ಸ್ಟೂಲಿನ ಮೇಲೆ, ಮೊಣಕಾಲು ಮಡಚಿ, ಬೆನ್ನು ಬಾಗಿಸಿ, ಅಡಿಗೆ ಮುಗಿಸಿ ಕೂತರೆ ದೀಪ ಹಚ್ಚುವ ಹೊತ್ತಿನವರೆಗೂ ಅದೇ ಕೂರುವಿಕೆ.

ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಟೊಂಕ ಹಿಡಿಯಿತು. ಸ್ಟೂಲಿನಿಂದ ಏಳುವಾಗ ಗೋಡೆಗೆ ಕೈ ಕೊಡಬೇಕು. ಕೊಡ ಎತ್ತಲು ಬಗ್ಗಿದರೆ ಮೇಲೇಳುವಾಗ ಯಾರೋ ಹಿಂದಿನಿಂದ ಕಬ್ಬಿಣದ ಸಲಾಕೆ ಚುಚ್ಚಿದಂತೆ. ರೊಟ್ಟಿ ಬಡಿಯಲು ನೆಲಕ್ಕೆ ಕೂತರೆ ಕಾಲು ಚಾಚಲು ಬಾರದು. ಎಣ್ಣೆ ತಿಕ್ಕಿಸಿಕೊಂಡಳು, ಬೆಲ್ಟು ಕಟ್ಟಿಕೊಂಡಳು, ಸೂಜಿ ಮಾಡಿಸಿಕೊಂಡಳು. ನಾಲ್ಕು ದಿನ ತಗ್ಗುವುದು, ಮತ್ತೆ ಹಿಡಿಯುವುದು.

ಓಣಿಯ ಹೆಂಗಸರಿಗೆ ಇದರ ಕಾರಣ ಗೊತ್ತಿತ್ತು. ಗರ್ಭಚೀಲ. ಆ ಒಂದೇ ಓಣಿಯಲ್ಲಿ ಆರು ಮಂದಿ ತೆಗೆಸಿಕೊಂಡಿದ್ದರು, ಒಬ್ಬಾಕೆಗೆ ಇನ್ನೂ ಇಪ್ಪತ್ತೆಂಟು ತುಂಬಿರಲಿಲ್ಲ. ಟೊಂಕ ನೋವು, ಬಿಳಿ ಸೆರಗು, ತಿಂಗಳ ಹೊಟ್ಟೆನೋವು, ಎಲ್ಲದಕ್ಕೂ ಅದೊಂದೇ ಔಷಧ. ಊರ ಹೊರಗಿನ ಒಂದು ಖಾಸಗಿ ದವಾಖಾನೆಗೆ ಬಸಂತರಾಯರೇ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಎರಡು ನಿಮಿಷ ಸ್ಕ್ಯಾನಿಂಗ್ ಮಾಡಿ, ಚೀಲದಲ್ಲಿ ಬಾವು ಐತಿ, ಬಿಟ್ಟರೆ ಮುಂದೆ ಕ್ಯಾನ್ಸರ್ ಆದರೂ ಆದೀತು ಎಂದರು. ಆಕೆಗೆ ಮೂವತ್ತೊಂದು. ನಾಲ್ಕು ವರ್ಷದ ಹಿಂದೆ ಒಂದು ಬಸಿರು ಮೂರು ತಿಂಗಳಿಗೆ ಇಳಿದು ಹೋಗಿತ್ತು. ಇನ್ನೊಂದು ಆಗಲಿ, ಆಮೇಲೆ ಬೇಕಾದರೆ ತೆಗೆಸೋಣ ಎಂದು ಗಂಡನ ಮುಂದೆ ಹೇಳಿ ನೋಡಿದಳು. ಒಂದು ಐತಲ್ಲ, ನೋವು ತಿನಕೋತ ಎಷ್ಟು ದಿನ ಇರ್ತಿ ಎಂದರು ಮಾಸ್ತರರು. ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಅವಸರ ಇತ್ತು. ಆ ವಾರ ಮುದ್ದೇಬಿಹಾಳದಲ್ಲಿ ಟೂರ್ನಮೆಂಟು. ಫಾರ್ಮಿಗೆ ಸಹಿ ಹಾಕಿ, ಹೆಂಡತಿಯ ತಾಯಿಯನ್ನು ಕರೆಸಿ ಆಕೆಯ ಹತ್ತಿರ ಕೂಡಿಸಿ, ತಂಡ ಕರೆದುಕೊಂಡು ಹೊರಟುಹೋದರು.

ಆಪರೇಷನ್ ಆದ ಮೇಲೆ ಒಂದು ತಿಂಗಳು ಮಲಗಿದ್ದಳಲ್ಲ, ಆಗ ನೋವು ಇಳಿದಿತ್ತು. ಎಲ್ಲರೂ ನೋಡು, ಚೀಲದ್ದೇ ಅದು ಎಂದರು. ಮತ್ತೆ ಮಷೀನಿಗೆ ಕೂತು ಎರಡು ತಿಂಗಳಾಗುವಷ್ಟರಲ್ಲಿ ನೋವು ಅದೇ ಜಾಗಕ್ಕೆ ಬಂದು ಕೂತಿತು. ಆಕೆ ಗಂಡನಿಗೆ ಹೇಳಿದಳು. ಚೀಲ ತೆಗೆದ ಮೇಲೂ ನೋವು ಅಂದರೆ ಅದು ಮನಸ್ಸಿಂದು ಎಂದರು ಅವರು. ಅಂದಿನಿಂದ ಆಕೆ ಯಾರ ಮುಂದೆಯೂ ನೋವಿನ ಮಾತು ತೆಗೆಯಲಿಲ್ಲ. ಮೂವತ್ಮೂರಕ್ಕೇ ಮೈ ಕುದ್ದು ಬೆವರುವುದು ಶುರುವಾಯಿತು. ಅದನ್ನೂ ಹೇಳಲಿಲ್ಲ. ಆಪರೇಷನ್ ಆಗಿ ಹದಿನೇಳು ವರ್ಷ ಹಾಗೇ ಹೋಯಿತು.

ಸುವರ್ಣಾಳನ್ನು ಮನಗೂಳಿಗೆ ಕೊಟ್ಟಿದ್ದರು. ಗಂಡ ಸಂಗಮೇಶನದು ಬೀಜ ಗೊಬ್ಬರದ ಅಂಗಡಿ. ಸುವರ್ಣಾ ಮುಂಜಾನೆಯಿಂದ ಸಂಜೆತನಕ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು ಬಿಲ್ಲು ತೆಗೆಯುತ್ತಿದ್ದಳು. ಒಂದು ಹೆಣ್ಣುಕೂಸಾಗಿ ಮೂರು ವರ್ಷ. ಬಾಣಂತನ ಮುಗಿದಾಗಿನಿಂದ ಟೊಂಕ ನೋವು. ಈ ವರ್ಷದ ಮಾಗಿಯಲ್ಲಿ ಒಂದು ದಿನ ಬೀಗತಿ ಫೋನು ಮಾಡಿದಳು. ಗುರುವಾರ ಆಪರೇಷನ್ ಗೊತ್ತಾಗಿದೆ, ತಾಯಿ ಬಂದು ಹದಿನೈದು ದಿನ ಇದ್ದರೆ ಛಲೋ ಎಂದು. ಫೋನು ಹಿಡಿದಿದ್ದ ಬಸಂತರಾಯರು, ನೀವು ದೊಡ್ಡವರು, ನಿಮಗ ತಿಳಿದಂಗ ಮಾಡ್ರಿ ಎಂದು ಇಟ್ಟರು. ಇಂದುಬಾಯಿಗೆ ಹೇಳಿದ್ದು, ಸುವರ್ಣಾಂದು ಗರ್ಭಚೀಲ ತಗೀತಾರ, ಸೋಮವಾರ ಹೋಗು ಎಂದಷ್ಟೆ.

ಸುವರ್ಣಾಳಿಗೆ ಇಪ್ಪತ್ತೈದು. ಇಂದುಬಾಯಿ ಕೈಚೀಲದಲ್ಲಿ ಇಟ್ಟ ಸೀರೆಯನ್ನು ಹೊರಗೆ ತೆಗೆದು, ಮತ್ತೆ ಮಡಚಿ ಇಟ್ಟಳು. ಆದರೆ ಬೇಡ ಎನ್ನಲು ಆಕೆಯ ಹತ್ತಿರ ಯಾವ ಕಾರಣವೂ ಇರಲಿಲ್ಲ. ತಾನೂ ತೆಗೆಸಿಕೊಂಡವಳು. ಊರೆಲ್ಲ ತೆಗೆಸಿಕೊಂಡಿದೆ.

ಸಿಂದಗಿಯಿಂದ ಬಸವನ ಬಾಗೇವಾಡಿಯವರೆಗೆ ಬಸ್ಸು ಜೋಲಿ ಹೊಡೆಯುತ್ತ ಬಂತು. ಮನಗೂಳಿಗೆ ಅಲ್ಲಿ ಬಸ್ಸು ಬದಲಿಸಬೇಕು. ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರೂ ಇಂದುಬಾಯಿಗೆ ಸೀಟಿನಿಂದ ಏಳಲು ಆಗಲಿಲ್ಲ. ಕರೆದುಕೊಂಡು ಹೋಗಲು ಬಂದಿದ್ದ ಸುವರ್ಣಾ ಮೇಲೆ ಹತ್ತಿ ಬಂದಳು. ಕಂಡಕ್ಟರ್ ಒಂದು ಕಡೆ, ಮಗಳು ಒಂದು ಕಡೆ ಹಿಡಿದು ಇಳಿಸಿದರು. ಎದುರಿನ ಔಷಧದ ಅಂಗಡಿಯ ರಸೂಲಸಾಬ ಕುರ್ಚಿ ತಂದು ಕೊಟ್ಟು, ಗುಳಿಗೆ ಕೊಡುವುದಕ್ಕಿಂತ ಮೊದಲು ಮೇಲೆ ಒಬ್ಬರು ಫಿಜಿಯೋಥೆರಪಿ ಬಾಯಾರು ಇದ್ದಾರೆ, ಕೈಕಾಲಿಗೆ ವ್ಯಾಯಾಮ ಹೇಳಿಕೊಡ್ತಾರೆ, ತೋರಿಸಿಬಿಡ್ರಿ ಎಂದ. ಹತ್ತು ಮೆಟ್ಟಿಲು ಹತ್ತಲು ಆಕೆಗೆ ಹತ್ತು ನಿಮಿಷ ಹಿಡಿಯಿತು.

ಮೇಲಿದ್ದವಳು ಮೂವತ್ತು ಮೂವತ್ತೊಂದರ ಹೆಣ್ಣುಮಗಳು. ಇಂದುಬಾಯಿಯ ಮುಖ ನೋಡಿ ಒಂದು ಗಳಿಗೆ ನಿಂತಳು. "ನೀವು ಸಿಂದಗಿ ಪಿ.ಟಿ. ಸರ ಮನಿಯವರಲ್ಲೇನ್ರಿ? ನಾ ಲಚ್ಯಾಣದ ಪ್ರಜ್ಞಾ ರೀ ಬಾಯಾರ. ಹಾಸ್ಟೆಲ್ಲಿನಾಗ ಇದ್ದೆ. ಖೋಖೋ ಆಡ್ತಿದ್ದೆ."

ಇಂದುಬಾಯಿಗೆ ನೆನಪಾಯಿತು. ನೆನಪಾಗಿ ಕೆಳಗೆ ನೋಡಿದಳು. ಗೆದ್ದು ಬಂದ ದಿನ ತಂಡದವರನ್ನು ಮಾಸ್ತರರು ಮನೆಗೆ ಕರೆತರುತ್ತಿದ್ದರು. ಎಲ್ಲ ಹುಡುಗಿಯರಿಗೂ ಪಡಸಾಲೆಯಲ್ಲಿ ಕಪ್ಪು ಬಸಿಯಲ್ಲಿ ಚಹಾ. ಈ ಹುಡುಗಿಗೆ ಅಂಗಳದಲ್ಲಿ, ಕಿವಿ ಮುರಿದ ಕಪ್ಪಿನಲ್ಲಿ. ಕುಡಿದು, ತಾನೇ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದಳು. ಆ ಕಪ್ಪನ್ನು ಬೇರೆ ಇಟ್ಟವಳು ತಾನೇ. ಮಾಸ್ತರರು ಹಾಗೆ ಮಾಡು ಎಂದಿರಲಿಲ್ಲ. ಮಾಡಬೇಡ ಎಂದೂ ಅಂದಿರಲಿಲ್ಲ.

ಪ್ರಜ್ಞಾ ಆ ಮಾತಿಗೆ ಹೋಗಲಿಲ್ಲ. ಮೊದಲು ನಾನಾ ಪ್ರಶ್ನೆ ಕೇಳಿದಳು. ಕಾಲು ಜೋಮು ಹಿಡಿಯುತ್ತದೆಯೇ, ಬಿದ್ದದ್ದಿದೆಯೇ, ಜ್ವರ, ತೂಕ ಇಳಿಯುವುದು, ಮೂತ್ರಕ್ಕೆ ಹೋಗುವಾಗ ತೊಂದರೆ. ಯಾವುದೂ ಇಲ್ಲ ಎಂದು ಗೊತ್ತುಮಾಡಿಕೊಂಡ ಮೇಲೆ ಅಂಗಾತ ಮಲಗಿಸಿದಳು. ಇಂದುಬಾಯಿಯ ಹಿಮ್ಮಡಿಯನ್ನು ಅಂಗೈಯಲ್ಲಿಟ್ಟುಕೊಂಡು, ಮೊಣಕಾಲು ಮಡಚದಂತೆ ಹಿಡಿದು, ಕಾಲನ್ನು ಸಾವಕಾಶ ಮೇಲೆತ್ತಿದಳು. ಹಾಸಿಗೆಯಿಂದ ಒಂದೂವರೆ ಗೇಣು ಏರುವಷ್ಟರಲ್ಲಿ ತೊಡೆಯ ಹಿಂಭಾಗ ಹಗ್ಗದಂತೆ ಬಿಗಿದು ನಿಂತಿತು. ಇನ್ನೊಂದು ಕಾಲೂ ಹಾಗೇ. ಆಮೇಲೆ ನಿಲ್ಲಿಸಿ ಬಗ್ಗಿಸಿ ನೋಡಿದಳು. ಇಂದುಬಾಯಿ ಸೊಂಟದ ಕೀಲಿನಿಂದ ಬಗ್ಗುತ್ತಲೇ ಇರಲಿಲ್ಲ. ಬೆನ್ನಿನ ಕೆಳಗಿನ ಒಂದು ಗೇಣು ಮಾತ್ರ ಬಿಲ್ಲಿನಂತೆ ಬಾಗುತ್ತಿತ್ತು.

"ಕೂಡುವಾಗ ನೆಲಕ್ಕ ಊರೂ ಎಲುವಿನಿಂದ ಮೊಣಕಾಲ ಕೆಳಗಿನ ತನಕ ತೊಡಿ ಹಿಂದ ದಪ್ಪ ಸ್ನಾಯು ಇರ್ತಾವ್ರಿ," ಎಂದಳು ಪ್ರಜ್ಞಾ. "ವರ್ಷಗಟ್ಟಲೆ ಕಾಲ ಮಡಚಿ ಕೂತ್ರ ಅವು ಬಿಗದು ಗಿಡ್ಡ ಆದಂಗ ಆಗ್ತಾವ. ಬಗ್ಗುವಾಗ ಸೊಂಟದ ಎಲುವನ್ನ ತಿರುಗಾಕ ಬಿಡೂದಿಲ್ಲ. ತೊಡಿ ಬಿಟ್ಟುಕೊಡಬೇಕಾದಲ್ಲಿ ಟೊಂಕ ಒಂದ ಬಗ್ಗತೈತಿ. ದಿನಕ್ಕ ನೂರು ಸಲ. ಎಲ್ಲಾರ ಟೊಂಕ ನೋವಿಗೂ ಇದ ಕಾರಣ ಅನ್ನಂಗಿಲ್ಲ. ನಿಮಗ ಮಾತ್ರ ಬಹಳ ಮಟ್ಟಿಗೆ ಇದ ಅನಸ್ತೈತಿ."

ಒಂದು ಟವೆಲ್ಲನ್ನು ಅಂಗಾಲಿಗೆ ಹಾಕಿ, ಮಲಗಿದಲ್ಲೇ ಕಾಲನ್ನು ಜಗ್ಗಿ ಹಿಡಿಯುವುದನ್ನು ತೋರಿಸಿದಳು. ಹಟಕ್ಕೆ ಬಿದ್ದು ಎಳೆಯಬಾರದು, ಬಿಗಿ ತಿಳಿಯುವಲ್ಲಿ ನಿಲ್ಲಿಸಿ ಮೂವತ್ತು ಎಣಿಸಬೇಕು, ಉಸಿರು ಕಟ್ಟಬಾರದು. ಮಷೀನಿನಿಂದ ಅರ್ಧ ತಾಸಿಗೊಮ್ಮೆ ಏಳಬೇಕು.

ಇಂದುಬಾಯಿಗೆ ಎಲ್ಲೋ ಕೇಳಿದ ಮಾತು ಎನಿಸುತ್ತಿತ್ತು. ಇದನ್ನೆಲ್ಲ ಎಲ್ಲಿ ಕಲಿತೆವ್ವಾ ಎಂದು ಕೇಳಿದಳು.

ಪ್ರಜ್ಞಾ ನಕ್ಕಳು. ಕಾಲೇಜಿನಲ್ಲಿ ಕಲಿಸುವ ಮೊದಲೇ ಸರ್ ಕಲಿಸಿದ್ದರು ಎಂದಳು. ಒಂಬತ್ತನೇ ಇಯತ್ತೆಯಲ್ಲಿ ಆಕೆಗೆ ಟೊಂಕ ಹಿಡಿದು ಓಡಲು ಬಾರದಂತಾಗಿತ್ತಂತೆ. ಸರ್ ಬಗ್ಗಿಸಿ ನೋಡಿದ ಕೂಡಲೆ ತೊಡೆ ಬಿಗಿದಿದೆ ಎಂದರಂತೆ. ಇನ್ನೊಬ್ಬ ಹುಡುಗಿಯ ಕೈಯಿಂದ ಕಾಲು ಎತ್ತಿಸಿ, ಹಗ್ಗ ಕೊಟ್ಟು, ಇಪ್ಪತ್ತು ದಿನ ಎದುರಿಗೆ ನಿಂತು ಮಾಡಿಸಿದರಂತೆ. "ಆಮ್ಯಾಲೆ ಮುದ್ದೇಬಿಹಾಳದ ಟೂರ್ನಮೆಂಟಿನಾಗ ನಾನೂ ಆಡಿದೆ ರೀ. ಆ ವರ್ಷ ಕಪ್ ನಮಗ ಬಂತು. ಸರ ಅಂದು ಮಾಡಿಸಿದ್ದು ನೋಡೇ ನಾ ಈ ಕೆಲಸಾ ಹಿಡಿದೆ."

ಇಂದುಬಾಯಿ ಎದ್ದು ಕೂತಳು. ಆ ವರ್ಷ ಯಾವುದು ಎಂದು ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದಳು. ಪ್ರಜ್ಞಾ ಹೇಳಿದಳು. ಹುಡುಗಿ ಮುದ್ದೇಬಿಹಾಳದಲ್ಲಿ ಓಡುತ್ತಿದ್ದ ಹೊತ್ತಿಗೆ ತಾನು ಯಾವ ಟೇಬಲ್ಲಿನ ಮೇಲೆ ಮಲಗಿದ್ದೆ ಎಂಬುದು ಇಂದುಬಾಯಿಗೆ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಮಗಳ ಕೈಚೀಲದಿಂದ ಗುರುವಾರದ ಆಪರೇಷನ್ನಿನ ಕಾಗದ ತೆಗೆದು ಪ್ರಜ್ಞಾಳ ಮುಂದಿಟ್ಟಳು. ಪ್ರಜ್ಞಾ ಸ್ಕ್ಯಾನಿಂಗ್ ರಿಪೋರ್ಟನ್ನು ಎರಡು ಸಲ ಓದಿದಳು. ಇಂಗ್ಲಿಷಿನಲ್ಲಿತ್ತು. ಮನಗೂಳಿಯ ಮನೆಯಲ್ಲಿ ಅದನ್ನು ಯಾರೂ ಓದಿರಲಿಲ್ಲ, ದವಾಖಾನೆಯವರು ಹೇಳಿದ್ದನ್ನು ಕೇಳಿದ್ದರು. ಗರ್ಭಚೀಲ ಸರಿಯಾಗಿದೆ, ದೋಷ ಕಂಡಿಲ್ಲ ಎಂದು ಇದರಲ್ಲಿ ಬರೆದಿದೆ ಎಂದಳು ಪ್ರಜ್ಞಾ. ಇದರ ಮೇಲೆ ತೀರ್ಪು ಹೇಳುವುದು ತನ್ನ ಕೆಲಸವಲ್ಲ, ಬೇರೆ ಒಬ್ಬ ಲೇಡಿ ಡಾಕ್ಟರಿಗೆ ತೋರಿಸದೆ ಮಾತ್ರ ಟೇಬಲ್ ಹತ್ತಬೇಡ ಎಂದು ಸುವರ್ಣಾಳಿಗೆ ಹೇಳಿ, ಆಕೆಯ ಕಾಲನ್ನೂ ಎತ್ತಿ ನೋಡಿದಳು. ಅಲ್ಲೂ ಅದೇ ಬಿಗಿ.

"ನಂದರಾಗೂ ಹಿಂಗ ಬರದಿತ್ತೇನವಾ?" ಎಂದಳು ಇಂದುಬಾಯಿ.

"ನಿಮ್ಮ ಕಾಗದ ನಾ ನೋಡಿಲ್ಲರಿ ಬಾಯಾರ. ನೋಡದ ಹೇಳಬಾರದು."

ಹೊರಡುವಾಗ ಬಾಗಿಲಲ್ಲಿ ನಿಂತು ಇಂದುಬಾಯಿ, ಅಂಗಳದಾಗ ನಿನಗ ಬ್ಯಾರೆ ಕಪ್ ಇಟ್ಟಿದ್ದೆ ತಂಗಿ ಎಂದಳು. ಮುಂದೆ ಹೇಳಲು ಆಗಲಿಲ್ಲ. ಪ್ರಜ್ಞಾ ಆಕೆಯ ಮುಖವನ್ನು ನೇರ ನೋಡಿದಳು. "ನೆನಪೈತ್ರಿ," ಎಂದಳು. ಇರಲಿ ಬಿಡ್ರಿ ಎನ್ನಲಿಲ್ಲ. ಮೆಟ್ಟಿಲು ಇಳಿಯುವಾಗ ಕೈ ಮಾತ್ರ ಹಿಡಿದಳು.

ಮರುದಿನ ಪ್ರಜ್ಞಾ ಹೇಳಿಕಳಿಸಿದ ಲೇಡಿ ಡಾಕ್ಟರು ಸುವರ್ಣಾಳನ್ನು ನೋಡಿ, ಆಪರೇಷನ್ನಿಗೆ ಕಾರಣ ಕಾಣುವುದಿಲ್ಲ ಎಂದು ಬರೆದುಕೊಟ್ಟರು. ಮನಗೂಳಿಯ ಮನೆಯಲ್ಲಿ ಆ ಚೀಟಿಗೆ ಬೆಲೆ ಸಿಗಲಿಲ್ಲ. ಗೊತ್ತುಮಾಡಿದ ದಿನ ತಪ್ಪಿಸುತ್ತೀರಿ, ಅಂಗಡಿಯಲ್ಲಿ ಕೂರಲು ಬಾರದ ಸೊಸೆಯನ್ನು ಇಟ್ಟುಕೊಂಡು ನಾವೇನು ಮಾಡಬೇಕು ಎಂದು ಬೀಗತಿ ಕೇಳಿದಳು. ನಿಮ್ಮ ಮಾಸ್ತರರೇ ಒಪ್ಪಿಕೊಂಡಿದ್ದಾರಲ್ಲ ಎಂದಳು.

"ಅವರು ಒಪ್ಪಿದ್ದಕ್ಕ ನಂದು ಹೋತು," ಎಂದಳು ಇಂದುಬಾಯಿ. "ಇಕೀದು ಹೋಗೂದು ಬ್ಯಾಡ."

ಸಂಗಮೇಶ ತಲೆ ತಗ್ಗಿಸಿ ಕೂತಿದ್ದ. ಕೊನೆಗೆ, ಒಂದೂವರೆ ತಿಂಗಳು ಕರಕೊಂಡು ಹೋಗ್ರಿ, ನೋಡೋಣ ಎಂದ. ಅಷ್ಟು ಹೇಳಲು ಅವನಿಗೂ ಬಹಳ ಕಷ್ಟವಾಗಿತ್ತು. ಬೀಗತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ತಾಯಿ, ಮಗಳು, ಮೊಮ್ಮಗಳು ಬುಧವಾರ ಸಿಂದಗಿಗೆ ಬಂದರು.

ಮಾಸ್ತರರು ಮೈದಾನದಲ್ಲಿದ್ದರು. ಇಂದುಬಾಯಿ ಅವರ ಕಪಾಟು ತೆಗೆದಳು. ಖೋಖೋದ ಪ್ರಶಸ್ತಿಪತ್ರಗಳ ಫೈಲುಗಳ ಕೆಳಗೆ ದವಾಖಾನೆಯ ಕಾಗದ ಸಿಕ್ಕಿತು, ಅಂಚು ಹಳದಿಯಾಗಿತ್ತು. ಸುವರ್ಣಾ ಅದರ ಫೋಟೋ ತೆಗೆದು ಪ್ರಜ್ಞಾಳಿಗೆ ಕಳಿಸಿದಳು. ಉತ್ತರ ಬರಲು ಹೊತ್ತು ಹಿಡಿಯಿತು. ಬಂದದ್ದು ಒಂದೇ ಸಾಲು. ಇದರಲ್ಲೂ ದೋಷ ಬರೆದಿಲ್ಲ, ಬಾಯಾರಿಗೆ ನೀವೇ ಸಮಾಧಾನದಿಂದ ಹೇಳಿರಿ.

ಸಂಜೆ ಮಾಸ್ತರರು ಬಂದು ಕೈಕಾಲು ತೊಳೆದು ಕೂತರು. ಮಗಳನ್ನು ನೋಡಿ ಯಾಕೆ ಬಂದಿರಿ ಎಂದರು. ಇಂದುಬಾಯಿ ಎಲ್ಲವನ್ನೂ ಹೇಳಿದಳು. ದನಿ ಏರಿಸಲಿಲ್ಲ. ಪ್ರಜ್ಞಾಳ ಹೆಸರು ಕೇಳಿ ಅವರ ಮುಖ ಒಂದಿಷ್ಟು ಅರಳಿತು. ಅದೇ ಆಕೆಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

"ಆ ಹುಡುಗಿ ಬಗ್ಗಿದ್ದು ನೋಡಿ ನಿಮಗ ಗೊತ್ತಾತು," ಎಂದಳು. "ನಾ ದಿನಾ ನಿಮ್ಮ ಕಣ್ಣ ಮುಂದ ಬಗ್ಗಿ ಕಸಾ ಹೊಡದೇನಿ. ನಿಮಗ ಯಾಕ ಗೊತ್ತಾಗಲಿಲ್ಲ?"

ಬಸಂತರಾಯರು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. ನೀ ಯಾವತ್ತು ನನ್ನ ಕೇಳಿದ್ದಿ ಎಂದರು ಮೊದಲು. ಆಮೇಲೆ, ಡಾಕ್ಟರ್ ಹೇಳಿದ ಮೇಲೆ ನಾನೇನು ಮಾಡಬೇಕಿತ್ತು ಎಂದರು. ಅವರು ಸುಳ್ಳು ಹೇಳುವವರಲ್ಲ. ಕೊನೆಗೆ ತಮಗೆ ಅನಿಸಿದ್ದನ್ನೇ ಹೇಳಿದರು.

"ಅವರು ಆಡೂ ಹುಡುಗೀರು, ಇಂದೂ. ಅವರ ಮೈ ಮ್ಯಾಲೆ ನನ್ನ ಲಕ್ಷ್ಯ ಇರಬೇಕಾಗ್ತಿತ್ತು. ನೀ ಮನ್ಯಾಗ ಇರಾಕಿ. ನಿನ್ನ ಹಂಗ ನೋಡಬೇಕು ಅಂತ ನನಗ ಹೊಳೀಲಿಲ್ಲ."

ಇಂದುಬಾಯಿ ಅಡಿಗೆಮನೆಗೆ ಹೋದಳು. ಮರುದಿನ ಬೆಳಿಗ್ಗೆ ಆಕೆ ಚಾಪೆಯ ಮೇಲೆ ಮಲಗಿ ಟವೆಲ್ಲು ಹಾಕಿ ಕಾಲು ಎತ್ತುತ್ತಿದ್ದಾಗ ಮಾಸ್ತರರು ಬಾಗಿಲಲ್ಲಿ ನಿಂತು ನೋಡಿದರು. ಮೊಣಕಾಲು ಇನ್ನೂ ನೆಟ್ಟಗಿರಬೇಕು, ನಾ ಹಿಡೀಲೇನು ಎಂದು ಹತ್ತಿರ ಬಂದರು. ಬ್ಯಾಡರಿ, ಸುವರ್ಣಾ ಹಿಡೀತಾಳ ಎಂದಳು ಆಕೆ, ಅವರ ಕಡೆ ನೋಡದೆ.

ನೋವು ಒಂದೇ ದಿನಕ್ಕೆ ಹೋಗಲಿಲ್ಲ. ಮೂರನೆಯ ವಾರಕ್ಕೆ ಏಳುವಾಗ ಗೋಡೆ ಬೇಕಾಗಲಿಲ್ಲ. ಎರಡನೆಯ ತಿಂಗಳಿಗೆ ಕೊಡ ಎತ್ತಿದಳು. ಸುವರ್ಣಾಳಿಗೆ ಇನ್ನೂ ಬೇಗ ಗುಣ ಕಂಡಿತು. ಸಂಗಮೇಶ ಹೇಳಿದ ದಿನಕ್ಕೆ ಬಂದು ಕರೆದುಕೊಂಡು ಹೋದ, ಅಂಗಡಿಯಲ್ಲಿ ನಿಂತು ಬಿಲ್ಲು ತೆಗೆಯುವಂತೆ ಎತ್ತರದ ಮೇಜು ಮಾಡಿಸಿದ್ದೇನೆ ಎಂದ. ಬೀಗತಿ ಇವತ್ತಿಗೂ ಇಂದುಬಾಯಿಯ ಸಂಗಡ ಮಾತಾಡುವುದಿಲ್ಲ. ಓಣಿಯಲ್ಲಿ ಯಾರಿಗಾದರೂ ಆಪರೇಷನ್ನಿನ ದಿನ ಗೊತ್ತಾಗಿದೆ ಎಂದು ತಿಳಿದರೆ ಇಂದುಬಾಯಿ ಹೋಗಿ, ಇನ್ನೊಬ್ಬ ಡಾಕ್ಟರಿಗೆ ತೋರಿಸು ಎನ್ನುತ್ತಾಳೆ. ಹುಲಿಗೆವ್ವ ಎಂಬಾಕೆ ಆಕೆಯ ಮಾತು ಕೇಳಿದಳು. ಇನ್ನಿಬ್ಬರು ಕೇಳಲಿಲ್ಲ.

ಆದರೆ ನೋವು ಇಳಿದ ಮೇಲೆ ಆಕೆಗೆ ಸಮಾಧಾನ ಬರಲಿಲ್ಲ. ನೋವಿದ್ದಷ್ಟು ದಿನ ಆ ಆಪರೇಷನ್ನಿಗೆ ಒಂದು ಕಾರಣವಿತ್ತು. ನನ್ನ ಒಳಗೇ ಏನೋ ಕೆಟ್ಟಿತ್ತು, ತೆಗೆಸಿದೆ, ನಸೀಬು ಎಂದುಕೊಂಡು ಇರಬಹುದಿತ್ತು. ಈಗ ಟೊಂಕ ಹಗುರಾದಂತೆಲ್ಲ ಆ ಕಾರಣವೂ ಹೋಯಿತು. ನೀರು ತರುವಾಗ, ರೊಟ್ಟಿ ಬಡಿಯುವಾಗ, ಚೀಲ ಉಳಿದು ಮರುವರ್ಷ ಇನ್ನೊಂದು ಕೂಸು ಹುಟ್ಟಿದ್ದರೆ ಅದಕ್ಕೆ ಈಗ ಎಷ್ಟು ವಯಸ್ಸಾಗುತ್ತಿತ್ತು ಎಂದು ಲೆಕ್ಕ ಹಾಕುತ್ತ ನಿಂತುಬಿಡುತ್ತಿದ್ದಳು. ಹದಿನಾರು. ಹೈಸ್ಕೂಲು ಮುಗಿಯುತ್ತಿತ್ತು.

ಬೇಸಿಗೆ ಸೂಟಿಯ ಮೊದಲು ಒಂದು ರವಿವಾರ ಸಾಲಿಯ ನಾಲ್ವರು ಮಾಸ್ತರರು ಚಹಾಕ್ಕೆ ಬಂದಿದ್ದರು. ಬಸಂತರಾಯರು ಪ್ರಜ್ಞಾಳ ಮಾತು ತೆಗೆದರು. ಬಾಗೇವಾಡಿಯಲ್ಲಿ ಆಕೆಗೆ ಎಷ್ಟು ಹೆಸರಿದೆ, ತಮ್ಮ ಮೈದಾನದಲ್ಲೇ ಹೇಗೆ ತಯಾರಾದಳು, ಎಷ್ಟೋ ವರ್ಷದ ತಮ್ಮ ಹೆಂಡತಿಯ ನೋವನ್ನು ಎರಡು ತಿಂಗಳಲ್ಲಿ ಹೇಗೆ ಇಳಿಸಿದಳು ಎಂದು ಹೇಳುತ್ತಿದ್ದರು. ನಿಮ್ಮ ವಿದ್ಯಾ ನಿಮ್ಮ ಮನಿಗೇ ಬಂತಲ್ಲರಿ ಸರ ಎಂದರು ಒಬ್ಬರು. ಎಲ್ಲರೂ ನಕ್ಕರು. ಬಸಂತರಾಯರೂ ನಕ್ಕರು.

ಇಂದುಬಾಯಿ ಅಡಿಗೆಮನೆಯ ಬಾಗಿಲಿಗೆ ಬಂದಳು. ಹದಿನೇಳು ವರ್ಷ ಅತಿಥಿಗಳ ಮುಂದೆ ಆಕೆ ಹೆಚ್ಚು ಮಾತಾಡಿದವಳಲ್ಲ.

"ಆ ಹುಡುಗಿಗೆ ಇವರು ಟೊಂಕ ಸರಿ ಮಾಡಿ ಆಟಕ್ಕ ಕರಕೊಂಡು ಹೋದ ವಾರಾನ, ನನ್ನ ಗರ್ಭಚೀಲ ತಗಿಯಾಕ ಸಹಿ ಹಾಕಿ ಹೋಗಿದ್ರು. ನನಗೂ ಟೊಂಕ ನೋವ ಇತ್ತು. ಇಬ್ಬರದೂ ಒಂದ ನೋವು."

ಒಬ್ಬರು ಕೆಮ್ಮಿದರು, ಒಬ್ಬರು ಫೋನು ನೋಡಿದರು. ಅರ್ಧ ಕುಡಿದ ಚಹಾ ಬಿಟ್ಟು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡು ಹೋದರು. ಅವರು ಹೋದ ಮೇಲೆ ಬಸಂತರಾಯರು, ನಾಕ ಮಂದಿ ಮುಂದ ನನ್ನ ಮಾನಾ ಕಳದಿ ಎಂದರು. ಇಂದುಬಾಯಿಗೆ ಹೇಳಬೇಕೆನಿಸಿದ್ದು ಬಹಳ ಇತ್ತು. ಅರ್ಧ ಕುಡಿದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ಆ ಮನೆಯಲ್ಲಿ ಗಂಡ ಹೆಂಡತಿಯ ನಡುವೆ ಹಾಲು, ಕಾಯಿಪಲ್ಲೆ, ಮಗಳ ಫೋನು, ಇಷ್ಟರ ಮಾತು ಮಾತ್ರ ನಡೆಯುತ್ತದೆ. ಅವರ ರಿಟೈರ್‌ಮೆಂಟಿಗೆ ಇನ್ನು ಎರಡು ವರ್ಷ. ಆಮೇಲೆ ಅವರೂ ಇಡೀ ದಿನ ಮನೆಯಲ್ಲೇ ಇರುತ್ತಾರೆ.